ಶಿವದಾರದ ಕೆಳಗಿನ ಗಂಟು

ಡಾಕ್ಟರ್ ಸಾಹೇಬರ ಬೆರಳುಗಳು ಯಾವಾಗಲೂ ಬೆಚ್ಚಗಿರುತ್ತಿದ್ದವು. ರೋಗಿಯನ್ನು ಮುಟ್ಟುವ ಮೊದಲು ಬಿಸಿನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳುತ್ತಿದ್ದರು. ತಣ್ಣನೆಯ ಕೈ ತಾಗಿದರೆ ಕುತ್ತಿಗೆ ಬಿಗಿಯುತ್ತದೆ, ಗಂಟು ಅಡಗಿಕೊಳ್ಳುತ್ತದೆ ಎನ್ನುತ್ತಿದ್ದರು. ನಿಜಾಮರ ಕಾಲದ ಶಹಾಬಾದದಲ್ಲಿ ಕಲ್ಲುಗಣಿಯವರಿಗೆಲ್ಲ ಅವರ ದವಾಖಾನೆಯೇ ಗತಿ.

ಗಂಟು ನೋಯುತ್ತದೆ ಎಂದು ಯಾರಾದರೂ ನರಳಿದರೆ ಸಾಹೇಬರು ನಿರಾಳವಾಗುತ್ತಿದ್ದರು. ನೋವೇ ಇಲ್ಲ ಎಂದು ನಗುವವರ ಮುಂದೆ ಅವರ ಮಾತು ಕಡಿಮೆಯಾಗುತ್ತಿತ್ತು.

ನನ್ನ ಅಪ್ಪ ಹಾಗೆ ನಕ್ಕವನು. ಎಡಗಡೆ ಕೊರಳೆಲುಬಿನ ಮೇಲೆ, ಇಷ್ಟಲಿಂಗದ ಶಿವದಾರ ಹಾಯುವಲ್ಲೇ, ಹುಣಸೆಬೀಜದಷ್ಟು ಗಂಟು ಎದ್ದಿತ್ತು. ದಾರ ಉಜ್ಜಿ ಆಗಿದೆ ಎಂದು ನಂಬಿ, ದಾರ ಬದಲಿಸಿ ಎಣ್ಣೆ ಹಚ್ಚುತ್ತ ತಿಂಗಳುಗಟ್ಟಲೆ ಕಳೆದಿದ್ದೆವು. ಕೊನೆಗೆ ನಮ್ಮೂರು ಭಂಕೂರಿನಿಂದ ಬಂಡಿ ಕಟ್ಟಿಕೊಂಡು ನಾನೇ ಕರೆತಂದೆ.

ಸಾಹೇಬರು ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ಹಿಂದೆ ನಿಂತರು. ಮುಸಲ್ಮಾನರಾದ ತಾವು ಏನನ್ನು ಮುಟ್ಟಬಾರದೆಂದು ಅವರಿಗೆ ಗೊತ್ತಿತ್ತು.

“ದಾರ ನೀವೇ ಸರಿಸ್ರಿ, ಗೌಡ್ರ. ಲಿಂಗ ಅಂಗೈಯಾಗ ಹಿಡ್ಕೊಂಡು ಕುಂದ್ರಿ.”

ಅಪ್ಪ ಲಿಂಗ ಹಿಡಿದು ಮುಷ್ಟಿ ಕಟ್ಟಿದ. “ಕುತ್ತಿಗಿ ಹಿಚಕಬ್ಯಾಡ್ರಿ ಸಾಹೇಬ್ರ, ಆ ಕೆಲಸಕ್ಕ ಮನ್ಯಾಗ ಹೆಂಡ್ತಿ ಇದ್ದಾಳ.”

ಸಾಹೇಬರು ನಕ್ಕು, ಹೆಗಲು ಸಡಿಲ ಬಿಟ್ಟು ಕೆಮ್ಮಲು ಹೇಳಿದರು. ಕೆಮ್ಮಿದಾಗ ಎಲುಬಿನ ಹಿಂದಿನ ಗುಳಿಗೆ ಬೆರಳಿಳಿಸಿ, ಗಂಟು ಜಾರುತ್ತದೆಯೇ ಎಂದು ಒತ್ತಿದರು. ಅದು ಕಲ್ಲಿನಂತೆ ಕೂತಿತ್ತು. ಆಮೇಲೆ ಹೊಟ್ಟೆ ಒತ್ತಿ ನೋಡಿದರು. ನನ್ನನ್ನು ಹೊರಗೆ ಕರೆದರು.

“ಬ್ಯಾನಿ ಹೊಟ್ಟ್ಯಾಗದ, ತಮ್ಮಾ. ಗಂಟು ಅದರ ಗುರುತು ಅಷ್ಟೇ. ಇದು ಯಾರ ಕೈಲೂ ಆಗಂಗಿಲ್ಲ. ಅವರಿಗಿ ಬೇಕಾದ್ದು ಉಣ್ಣಸ್ರಿ.”

ಕುತ್ತಿಗೆ ತೋರಿಸಿದರೆ ಹೊಟ್ಟೆ ಎನ್ನುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಬೇಸಿಗೆ ಮುಗಿಯುವುದರೊಳಗೆ ಅಪ್ಪ ರೊಟ್ಟಿ ಸೇರದೆ ಬತ್ತಿ ಸತ್ತ. ಮಣ್ಣಿಗೆ ಬಂದವರು ಏನಾಯಿತೆಂದು ಕೇಳಿದರು. ನಾನು ಹೇಳಿದೆ: “ಸಾಹೇಬ ಲಿಂಗಕ್ಕ ಕೈ ಹಚ್ಚಿದ. ಅವತ್ತಿಂದ ಅಪ್ಪ ಏಳಲಿಲ್ಲ.”

ಆ ಮಾತು ಊರೂರು ತಿರುಗಲು ಬಂಡಿ ಬೇಕಾಗಲಿಲ್ಲ. ನಮ್ಮವರು ದವಾಖಾನೆಯ ಕಡೆ ಹೋಗುವುದನ್ನೇ ಬಿಟ್ಟರು. ಒಂದು ದಿನ ಸಾಹೇಬರು ನಮ್ಮ ಹೊಲಕ್ಕೇ ಬಂದರು. ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

“ನಾ ಮುಟ್ಟಿದ್ನೇನು, ತಮ್ಮಾ?”

ನಾನು ನೆಲ ನೋಡಿದೆ. ಅವರು ಬಂದ ದಾರಿಯಲ್ಲೇ ಹೋದರು.

ಮುಂದೆ ದವಾಖಾನೆ ಮುಚ್ಚಿ ವಾಡಿ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಕೇಳಿದೆ. ಅವರ ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ.

ಈಗಲೂ ಮುಂಜಾನೆ ಪೂಜೆಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ಅಪ್ಪನ ಮುಷ್ಟಿ ಕಾಣುತ್ತದೆ. ಸಾಹೇಬರು ಕೈ ತೆಗೆಯುವವರೆಗೂ ಅದು ಮುಚ್ಚಿಯೇ ಇತ್ತು.