ಶಾಂತಿಯ ವಾರ ತೆಗೆದುಹಾಕಿದ ಸಾಲು

ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಕಚೇರಿಯೊಂದರಲ್ಲಿ ಮೈಸೂರಿನ ಸಂಯುಕ್ತಾ ಹದಿನಾಲ್ಕು ವರ್ಷ ದುಡಿದಿದ್ದಾರೆ. ಬೆಟ್ಟವನ್ನು ಅಳೆಯುವವರು ಬೇರೆ. ಕಡಲಾಚೆಯ ಹೇವರ್ಡ್ ನಗರದ ಅಪಾರ್ಟ್‌ಮೆಂಟಿನಲ್ಲಿ ಕುಳಿತು, ಕಚೇರಿಯ ಫೇಸ್‌ಬುಕ್ ಪುಟಕ್ಕೆ ಬರುವ ಪ್ರಶ್ನೆಗಳಿಗೆ ಉತ್ತರಿಸುವುದು ಇವರ ಕೆಲಸ. ‘ನಾಳೆ ಸಿಡಿಯುತ್ತದೆಯೇ?’ ಎಂದು ಕೇಳಿದವರಿಗೆ ‘ಗೊತ್ತಿಲ್ಲ’ ಎಂದು ಬರೆದು ಬೈಸಿಕೊಳ್ಳುವುದೂ ಅದರಲ್ಲಿ ಸೇರಿದೆ.

ಕಳೆದ ಬೇಸಿಗೆಯಲ್ಲಿ ಉತ್ತರದ ಬೆಟ್ಟವೊಂದರ ಅಡಿಯಲ್ಲಿ ಸಣ್ಣ ಕಂಪನಗಳು ಶುರುವಾದವು. ಬುಡದ ಸರೋವರದ ಸುತ್ತ ನೆಲದಿಂದ ವಿಷಗಾಳಿ ಒಸರಿ, ಹಳ್ಳದಂಥ ಜಾಗಗಳಲ್ಲಿ ನಿಲ್ಲತೊಡಗಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ‘ತಗ್ಗು ಪ್ರದೇಶಗಳಿಂದ ದೂರವಿರಿ’ ಎಂದು ಕಚೇರಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಸಂಯುಕ್ತಾರಿಗೆ ಆ ವಾಕ್ಯ ನಿರ್ಜೀವವೆನಿಸಿತು. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರಿಗಾಗಿ ಅದನ್ನು ತಾವೇ ಕನ್ನಡದಲ್ಲಿ ಬರೆದು, ಐನೂರು ಕನ್ನಡ ಮನೆಗಳ ವಾಟ್ಸಾಪ್ ಗ್ರೂಪನ್ನು ನಡೆಸುವ ಶೈಲಜಾರಿಗೆ ಕಳಿಸಿದರು. ಮೊದಲ ಸಾಲುಗಳಲ್ಲಿ ಬೆಟ್ಟದ ಕಂಪನದ ಸುದ್ದಿಯಷ್ಟೇ ಇತ್ತು, ತಗ್ಗಿನ ಎಚ್ಚರಿಕೆ ಇದ್ದದ್ದು ಕೊನೆಯ ಸಾಲಿನಲ್ಲಿ ಮಾತ್ರ: ‘ಅಲ್ಲಿ ತಗ್ಗಿನಲ್ಲಿ ಮಲಗಿದವರು ಮತ್ತೆ ಏಳಲಾರರು.’ ಆ ಸಾಲಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ಗ್ರೂಪಿನಲ್ಲಿ ಆ ಸಾಲು ಕಾಣಿಸಲಿಲ್ಲ. ಅದರ ಜಾಗದಲ್ಲಿ ‘ದೇವರ ದಯೆಯಿಂದ ಎಲ್ಲ ಒಳ್ಳೆಯದಾಗಲಿ’ ಎಂದಿತ್ತು, ಜೊತೆಗೊಂದು ಕಮಲದ ಚಿತ್ರ. ಸಂಯುಕ್ತಾ ಫೋನ್ ಮಾಡಿದರು.

“ಶೈಲಜಕ್ಕ, ಕೊನೇ ಲೈನು ಎಲ್ಲಿ?”

“ತೆಗೆದೆ ಕಣೇ. ಶನಿವಾರ ಲಿವರ್‌ಮೋರ್ ದೇವಸ್ಥಾನದಲ್ಲಿ ಮಾವನ ಭೀಮರಥ ಶಾಂತಿ. ಎಪ್ಪತ್ತು ತುಂಬಿದೋರ ಮನೇಲಿ ‘ಏಳಲ್ಲ’ ಅಂತ ಹಾಕ್ತಾರಾ ಯಾರಾದ್ರೂ?”

“ಅಕ್ಕ, ಅದೇ ಇಂಪಾರ್ಟೆಂಟು.”

“ಸೋಮವಾರ ಹಾಕ್ತೀನಿ ಬಿಡು. ಮೊದ್ಲು ನೀನು ಊಟಕ್ಕೆ ಬಾ. ಯಾವಾಗ ನೋಡಿದ್ರೂ ಬೆಟ್ಟ ಬೆಟ್ಟ, ಅದನ್ನೇ ಕಟ್ಕೊಂಡಿದೀಯ ನೀನು!”

ಮುನ್ನೂರು ಪ್ರಶ್ನೆಗಳು ಕಾದಿದ್ದವು. ಸಂಯುಕ್ತಾ ನಕ್ಕು ಫೋನಿಟ್ಟರು. ಆ ನಗುವನ್ನು ಅವರು ಇಂದಿಗೂ ಕ್ಷಮಿಸಿಕೊಂಡಿಲ್ಲ.

ದೀರ್ಘಾಯುಷ್ಯದ ಶಾಂತಿ ಸಾಂಗವಾಗಿ ನಡೆಯಿತು. ಭಾನುವಾರ ಶೈಲಜಾರ ಗಂಡ ಜಯರಾಮ್, ತಂದೆ ವೆಂಕಟಾಚಲ ಅವರನ್ನು ಆ ಬೆಟ್ಟದ ಬುಡದ ಸರೋವರ ತೋರಿಸಲು ಕರೆದೊಯ್ದರು. ದೇವಸ್ಥಾನದ ಪಾತ್ರೆಗಳನ್ನು ಹಿಂತಿರುಗಿಸಲು ಉಳಿದ ಶೈಲಜಾ, ಯಾವ ಸರೋವರವೆಂದು ಕೇಳಿರಲಿಲ್ಲ. ಚಿತ್ರಾನ್ನ ತಿಂದ ವೆಂಕಟಾಚಲ ಬಿಸಿಲು ತಾಳದೆ, ಮರಗಳ ನಡುವಿನ ಹಳ್ಳವೊಂದರಲ್ಲಿ ಟವೆಲ್ ಹಾಸಿ ಒರಗಿದರು. ಮಗ ಕಾರಿನಿಂದ ಫ್ಲಾಸ್ಕ್ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಸೋಮವಾರ ಮೇಲಧಿಕಾರಿ ಅನುಮೋದಿಸಿ ಕಳಿಸಿದ ಪ್ರಕಟಣೆ ಹೀಗಿತ್ತು: ‘ಎಚ್ಚರಿಕೆಯನ್ನು ಕಡೆಗಣಿಸಿ ತಗ್ಗಿಗಿಳಿದ ಪ್ರವಾಸಿಯೊಬ್ಬರು ಮೃತಪಟ್ಟಿದ್ದಾರೆ.’

“ಅವರು ಕಡೆಗಣಿಸಲಿಲ್ಲ, ಅವರಿಗೆ ತಲುಪಲೇ ಇಲ್ಲ,” ಎಂದರು ಸಂಯುಕ್ತಾ.

“ತಲುಪಲಿಲ್ಲವೆಂದು ಬರೆದರೆ, ಯಾಕೆ ಎಂದು ಕೇಳುತ್ತಾರೆ. ನಿಮ್ಮ ಭಾಷೆಯಲ್ಲಿ ಬರೆಯಲು ನಿಮಗೆ ಅನುಮತಿ ಕೊಟ್ಟವರು ಯಾರು?” ಎಂದರು ಮೇಲಧಿಕಾರಿ.

ಎಚ್ಚರಿಕೆಯನ್ನೂ ಸಾವನ್ನೂ ಒಂದೇ ವಾಕ್ಯದಲ್ಲಿ ಹೆಣೆದವರು ತಾವೇ ಎಂಬುದು ಸಂಯುಕ್ತಾರಿಗೆ ಆಗ ಹೊಳೆಯಿತು. ಒಂದನ್ನು ಕತ್ತರಿಸಿದರೆ ಇನ್ನೊಂದೂ ಉದುರುವಂತೆ ಬರೆದಿದ್ದರು. ಕಚೇರಿಯ ನಿರ್ಜೀವ ವಾಕ್ಯವನ್ನಾದರೆ ಶೈಲಜಾ ಮುಟ್ಟುತ್ತಿರಲಿಲ್ಲ. ಸಂಯುಕ್ತಾ ಮೇಲಧಿಕಾರಿಯ ಪ್ರಕಟಣೆಯನ್ನೇ ಗುಂಡಿ ಒತ್ತಿ ಪ್ರಕಟಿಸಿದರು.

ಸಂಜೆ ಶೈಲಜಾ ಫೋನ್ ಮಾಡಿದರು. ಅತ್ತು ಅತ್ತು ಧ್ವನಿ ಒಡೆದಿತ್ತು.

“ಕಡೆಗಣಿಸಿದ್ರು ಅಂತ ಹಾಕಿದೋರು ಯಾರೇ?”

“ನಾನೇ, ಅಕ್ಕ.”



“ಅದನ್ನ ಕನ್ನಡದಲ್ಲಿ ಮಾತ್ರ ಬರೀಬೇಡ,” ಎಂದರು ಶೈಲಜಾ. “ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ.”

ಸಂಯುಕ್ತಾ ಬರೆಯಲಿಲ್ಲ. ಬೆಟ್ಟ ಇನ್ನೂ ಎರಡು ತಿಂಗಳು ಕಂಪಿಸಿತು. ಕಚೇರಿ ಇಪ್ಪತ್ತಾರು ಎಚ್ಚರಿಕೆಗಳನ್ನು ಹೊರಡಿಸಿತು. ಅವುಗಳಲ್ಲಿ ಒಂದನ್ನೂ ಅವರು ಕನ್ನಡಕ್ಕೆ ತರಲಿಲ್ಲ, ಗ್ರೂಪಿನಲ್ಲಿ ಯಾರೂ ಕೇಳಲೂ ಇಲ್ಲ.