ಮಡಚಿಟ್ಟ ಬಯಕೆ ಊಟ

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುವುದು ನನ್ನ ಅತ್ತೆಯ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪುರಾವೆ ಕೇಳದೆ ಬಿಡುತ್ತೇನೆಯೇ?

“ಕಿವಿ ಸೋರೋ ಮಕ್ಕಳ ತಾಯಂದಿರನ್ನೆಲ್ಲ ಕೇಳಿ ನೋಡಿದೀರಾ?”

“ಕೇಳೋದೇನೈತಿ? ನಿನ್ನ ಗಂಡಂದೇ ಸೋರ್ತಿತ್ತು. ಅವ್ನು ಹೊಟ್ಟ್ಯಾಗಿದ್ದಾಗ ನನಗ ಕರ್ಬೂಜ ಸಿಕ್ಕಿರ್ಲಿಲ್ಲ. ಅದಕ್ಕೇ ಅವ್ನಿಗೆ ಈಗ್ಲೂ ನೀ ಹೇಳಿದ್ದು ಕೇಳ್ಸಂಗಿಲ್ಲ.”

ಶಿಕಾರಿಪುರದ ಆ ಮನೆಯಲ್ಲಿ ಹೆರಿಗೆಗೆ ಮುಂಚೆ ನಾನು ಕೊನೆಯ ಸಲ ನಕ್ಕಿದ್ದು ಆಗಲೇ ಇರಬೇಕು. ಆಮೇಲೆ ವಾಂತಿ ಶುರುವಾಯಿತು. ಎಲ್ಲರಿಗೂ ಆಗುತ್ತದೆ ಅಂದರು. ಎಲ್ಲರಿಗೂ ಆಗುವುದು ಬೆಳಗಿನ ಓಕರಿಕೆ. ನನಗೆ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಅನ್ನದ ಆವಿ, ಗಂಡನ ತಲೆಯ ಎಣ್ಣೆ, ತೊಳೆದ ಲೋಟ, ಎಲ್ಲವೂ ನಾರುತ್ತಿದ್ದವು. ಇಷ್ಟನ್ನು ವಾದಿಸಿ ಹೇಳಲು ಉಸಿರಿರಲಿಲ್ಲ.

ಅತ್ತೆಗೆ ಒಂದೇ ಕಾರಣ ಹೊಳೆಯಿತು: ಸೊಸೆ ಯಾವುದೋ ಆಸೆಯನ್ನು ಬಾಯಿಬಿಡದೆ ಇಟ್ಟುಕೊಂಡಿದ್ದಾಳೆ. ಅದನ್ನು ಪತ್ತೆ ಹಚ್ಚಲು ಓಣಿಯೇ ಟೊಂಕ ಕಟ್ಟಿತು. ಮಂಡಕ್ಕಿ ಮಿರ್ಚಿ ಬಂತು, ಕರ್ಬೂಜ ಬಂತು, ಪಕ್ಕದ ಟೈಲರ್ ಸಾಬರ ಮನೆಯಿಂದ ಶಾವಿಗೆ ಪಾಯಸ ಬಂತು. ಮುಚ್ಚಳ ತೆಗೆದಾಗಲೆಲ್ಲ ನಾನು ಬಚ್ಚಲಿಗೆ ಓಡಿದೆ. ಅವರ ಪ್ರೀತಿ ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಸೆಯೊಂದು ಇದ್ದದ್ದು ನಿಜ. ಒಂದು ಚೊಂಬು ನೀರನ್ನು ಕತ್ತೆತ್ತಿ ಗಟಗಟ ಕುಡಿಯಬೇಕು, ರವಿಕೆ ಒದ್ದೆಯಾಗುವ ಹಾಗೆ. ಕಣ್ಣು ಮುಚ್ಚಿದರೆ ತುಂಬಿದ ಅಂಬ್ಲಿಗೊಳ ಜಲಾಶಯ ಕಾಣುತ್ತಿತ್ತು. ಮೊದಮೊದಲು ಬಾಯಾರಿಕೆಗೆ. ಬರಬರುತ್ತಾ, ಅದರೊಳಗೆ ಇಳಿದುಬಿಟ್ಟರೆ ಇದೆಲ್ಲ ಮುಗಿಯುತ್ತದಲ್ಲ ಎನ್ನಿಸತೊಡಗಿತು. ಆ ಯೋಚನೆಯ ವಿರುದ್ಧ ಮಾತಾಡಲು ನನ್ನೊಳಗೆ ಯಾರೂ ಎದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಸೊರಬದ ಕಡೆಯ ಉಳವಿಯಿಂದ, ನನ್ನ ತವರಿನಿಂದ, ಅಮ್ಮ ಬಯಕೆ ಊಟ ಹೊತ್ತು ಬಸ್ಸಿಳಿದಳು. ಡಬ್ಬಿಗಳ ತುಂಬ ಮಾವಿನಕಾಯಿ ಚಿತ್ರಾನ್ನ, ಹಲಸಿನಕಾಯಿ ಪಲ್ಯ, ಕಾಯಿಹೋಳಿಗೆ.

“ಅವ್ವನ ಕೈಯಡುಗೆ. ಈಗ ನೋಡ್ರೀ ಹೆಂಗ್ ಉಣ್ತಾಳ!” ಎಂದು ಅತ್ತೆ ನನ್ನನ್ನು ಎಲೆಯ ಮುಂದೆ ಕೂರಿಸಿದರು.

ಬಡಿಸಿದ್ದನ್ನು ನೋಡಿದೆ. ಬೇಕು ಅನ್ನಿಸಲಿ, ಒಂದು ತುತ್ತಾದರೂ ಬೇಕು ಅನ್ನಿಸಲಿ ಎಂದು ಕಾದೆ. ಅನ್ನಿಸಲಿಲ್ಲ.

“ಅಮ್ಮಾ, ನಂಗೆ ಈ ಮಗು ಬೇಡ ಅನ್ನಿಸ್ತದೆ. ನಾನೂ ಬೇಡ ಅನ್ನಿಸ್ತದೆ.”

“ಬಿಡ್ತು ಅನ್ನು!” ಎಂದು ಅತ್ತೆ ಕಿರುಚಿದರು. ಅಮ್ಮ ಹಾಗನ್ನಲಿಲ್ಲ. ಗಲ್ಲ ಹಿಡಿದು ನಾಲಿಗೆ ಚಾಚಿಸಿ ನೋಡಿದಳು, ಒಣಗಿ ಬಿರಿದಿತ್ತು. ಬಡಿಸಿದ್ದು ಬಡಿಸಿದ ಹಾಗೆಯೇ ಎಲೆ ಮಡಚಿದಳು.

“ಇದು ಬಯಕೆಯೂ ಅಲ್ಲ, ಎಂತದೂ ಅಲ್ಲ ಮಾರಾಯ್ರೆ. ಕಾಯಿಲೆ ಇದು. ಆಟೋ ಕರೀರಿ.”

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ, “ಸಾಯೋ ಯೋಚನೆ ಬರುತ್ತಾ?” ಎಂದು ನೇರವಾಗಿ ಕೇಳಿದರು. ಏನು ಬೇಕು ಏನು ಬೇಕು ಎಂದು ಓಣಿಯೆಲ್ಲ ಕೇಳಿತ್ತು. ಇದನ್ನು ಯಾರೂ ಕೇಳಿರಲಿಲ್ಲ. ಹೌದು ಅಂದೆ. ಅವರು ಗಾಬರಿಯಾಗಲಿಲ್ಲ. ವಾಂತಿಗೂ ಔಷಧಿ ಬರೆದರು, ಮನಸ್ಸಿನ ಡಾಕ್ಟರನ್ನು ಕಾಣಲು ಶಿವಮೊಗ್ಗಕ್ಕೂ ಕಳಿಸಿದರು.

ಮಗಳು ಈಗ ಓಡಾಡುತ್ತಾಳೆ. ಕಿವಿ ಸೋರುವುದಿಲ್ಲ. ಅತ್ತೆಗೆ ತೋರಿಸಿದರೆ, “ನಿನಗ ಬಯಕೆನೇ ಇರ್ಲಿಲ್ಲಲ್ಲವ್ವ, ತೀರದೇ ಇರಾದು ಎಲ್ಲಿಂದ ಬಂತು?” ಎನ್ನುತ್ತಾರೆ. ತರ್ಕದಲ್ಲಿ ತಪ್ಪಿಲ್ಲ.

ಬಯಕೆ ಹುಟ್ಟಿದ್ದು ಆಮೇಲೆ. ಆ ಮಡಚಿದ ಎಲೆಯ ಊಟ ಬೇಕು ಎಂದು ಮೊನ್ನೆ ಅಮ್ಮನಿಗೆ ಫೋನ್ ಮಾಡಿದೆ.

“ಬಯಕೆ ಊಟ ಬಸುರಿಗೆ ಕಣೇ. ಇನ್ನೊಂದು ಹೆರ್ತೀಯಾ ಹೇಳು, ಹೊತ್ಕೊಂಡು ಬರ್ತೆ” ಎಂದು ನಕ್ಕಳು. ಆಮೇಲೆ, “ಬ್ಯಾಡ ಬಿಡು. ಆ ನಾಲ್ಗೆ ನೋಡಿದವಳು ನಾನು. ಭಾನುವಾರ ಬಾ, ಸುಮ್ನೆ ಮಾಡ್ತೆ” ಅಂದಳು.

ಹೋಗುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ. ಆದರೂ ನನಗೆ ಬೇಕಿರುವುದು ಆ ದಿನ, ಆ ಎಲೆಯ ಮುಂದೆ, ಹೊಟ್ಟೆಯಲ್ಲಿ ಮಗಳನ್ನಿಟ್ಟುಕೊಂಡು ಹಸಿದು ಕೂತಿರಬೇಕಿದ್ದ ನಾನು. ಅದನ್ನು ಅಮ್ಮ ಯಾವ ಡಬ್ಬಿಯಲ್ಲಿ ತಂದಾಳು?