ಅಣ್ಣನ ತಲೆಗೆ ಕಟ್ಟಿದ ತಪ್ಪು

ಅಣ್ಣನನ್ನು ಕಂಬದಿಂದ ಇಳಿಸಿದಾಗ ಅವನ ಬಲಗೈ ಮೊಣಕೈವರೆಗೆ ಕರಕಲಾಗಿತ್ತು. ಊಟಿ ಹತ್ತಿರದ ಅವಲಾಂಚ್ ಊರಿನ ಕಡೆಯ ಕರೆಂಟ್ ಲೈನಿಗೆ ಅವನನ್ನು ಒಬ್ಬನನ್ನೇ ಕಳಿಸಿದ್ದರು. ಮೊದಲೆಲ್ಲ ಒಬ್ಬ ಕಂಬ ಹತ್ತಿದರೆ ಇನ್ನೊಬ್ಬ ಕೆಳಗೆ ಸ್ವಿಚ್ಚಿಗೆ ಕಾವಲು ನಿಲ್ಲುತ್ತಿದ್ದ. ಆ ಕಾವಲನ್ನು ತೆಗೆದುಹಾಕಿದ್ದು ನಮ್ಮ ಆಫೀಸೇ. ಕರೆಂಟಿನ ಕೆಲಸಕ್ಕೆ ಆಳು ಒದಗಿಸುವ ಊಟಿಯ ಕಂಪನಿಯೊಂದರಲ್ಲಿ ನಾನು ಎಚ್.ಆರ್. ಗುಮಾಸ್ತ. ಬೆಟ್ಟದ ಕೆಳಗಿನ ತಮಿಳು ಬಯಲಿನಿಂದ ಬಂದಿದ್ದ ಹೊಸ ಮ್ಯಾನೇಜರು ಅದಕ್ಕೆ 'ಮಾನವ ಸಂಪನ್ಮೂಲದ ಸದ್ಬಳಕೆ' ಎಂದು ಹೆಸರಿಟ್ಟಿದ್ದ. ಸದ್ಬಳಕೆಯಂತೆ, ಅವನ ತಲೆ! ಕಾವಲಿಲ್ಲದ ಸ್ವಿಚ್ಚನ್ನು ಯಾರೋ ಹಾಕಿದರು, ನನ್ನ ದೊಡ್ಡಪ್ಪನ ಮಗ ಸತ್ತ.

ಕೆಲಸದಲ್ಲಿ ಸತ್ತವನದು ತಪ್ಪಿಲ್ಲವೆಂದಾದರೆ ಮನೆಯವರೊಬ್ಬರಿಗೆ ಕಂಪನಿಯಲ್ಲಿ ಕೆಲಸ ಕೊಡಬೇಕು, ಅದು ನಿಯಮ. ಎರಡು ಸಣ್ಣ ಮಕ್ಕಳ ತಾಯಿ ಅತ್ತಿಗೆಗೆ ಆ ಕೆಲಸ ಬೇಕೇ ಬೇಕಿತ್ತು.

ಸೋಲೂರಿನ ಹತ್ತಿರದ ನಮ್ಮ ಹಟ್ಟಿಗೆ ಮ್ಯಾನೇಜರು ಹೆಣಕ್ಕೆ ಹಾಕಲು ಹಾರ ಹಿಡಿದು ಬಂದ. ಊರ ಹುಡುಗರು ಅವನ ಕಾರಿನ ಗಾಜು ಒಡೆದರು, ಅಂಗಿಯ ಕಾಲರ್ ಹಿಡಿದು ನೆಲಕ್ಕೆ ಕೆಡವಿ ಒದ್ದರು. ಹಿರಿಯರೇ ಬಿಡಿಸಿದರು. ಸಾವಿನ ಮನೆಯಲ್ಲಿ ರಕ್ತ ಹರಿಯಬಾರದು ಎಂದು ಅವನನ್ನು ಒಂದು ಕಡೆ ಕೂರಿಸಿದರು.

ಆಮೇಲೆ ಹಿರಿಯರೊಬ್ಬರು ಹೆಣದ ತಲೆಯ ಬಳಿ ನಿಂತು ಪಾಪಗಳನ್ನು ಎಣಿಸತೊಡಗಿದರು. ಹಿರಿಯರ ಮಾತು ಮೀರಿದ, ಗಡಿ ಸರಿಸಿದ, ಹಾವು ಕೊಂದ... ಒಂದೊಂದಕ್ಕೂ ಜನ 'ಪಾಪ' ಎಂದು ದನಿಗೂಡಿಸಿದರು. ನೀಲಗಿರಿಯ ನಮ್ಮ ಬಡಗರಲ್ಲಿ ಯಾರು ಸತ್ತರೂ ಹೀಗೇ. ಇರುವೆಯನ್ನೂ ತುಳಿಯದ ಅಜ್ಜಿಗೂ ಇವೇ ಪಾಪ. ತಲೆತಲಾಂತರದ್ದನ್ನೆಲ್ಲ ಹೇಳಿ ಕಳೆದು, ಸತ್ತವರನ್ನು ಹಗುರ ಮಾಡಿ ಕಳಿಸುವುದು ನಮ್ಮ ಪದ್ಧತಿ. ಮ್ಯಾನೇಜರು ಅದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡ.

ಮುಂದಿನ ವಾರ ಆಫೀಸಿನಲ್ಲಿ ಸಾವಿನ ವಿಚಾರಣೆ; ಅತ್ತಿಗೆಯನ್ನೂ ಕರೆಸಿದ್ದರು. ಮೇಜಿನ ಮೇಲೆ ಅಣ್ಣನ ಸುಟ್ಟ ಹೆಲ್ಮೆಟ್ ಇಟ್ಟಿದ್ದರು. ಮ್ಯಾನೇಜರು ಫೋನ್ ಒತ್ತಿದ. ಹಿರಿಯರ ದನಿ ಕೋಣೆಯ ತುಂಬ ಕೇಳಿಸಿತು.

"ಅರ್ಥ ಕೇಳಿ ತಿಳಿದುಕೊಂಡಿದ್ದೇನೆ," ಎಂದ ತಮಿಳಿನಲ್ಲಿ. "ಮೇಲಿನವರ ಮಾತು ಮೀರುತ್ತಿದ್ದ ಅಂತ ಊರವರೇ ಒಪ್ಪಿಕೊಂಡಿದ್ದಾರಲ್ಲ? ಆವತ್ತೂ ಹೇಳದೆ ಕೇಳದೆ ಕಂಬ ಹತ್ತಿದ್ದಾನೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಸಾರ್, ಅದು ಎಲ್ಲರಿಗೂ ಹೇಳುವ..." ಎನ್ನುವಷ್ಟರಲ್ಲಿ ಅತ್ತಿಗೆ ಹೆಲ್ಮೆಟ್ ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಮೂಗಿನ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಎನ್ನ ಗಂಡನ ಒಂದು ಸಲ ಕೊಂದದ್ದು ಸಾಲದಾ? ಸತ್ತವನನ್ನ ಇನ್ನೂ ಕೊಲ್ತೀಯಾ?" ಎನ್ನುತ್ತ ಮತ್ತೆ ಬಾರಿಸಿದಳು. ಕುರ್ಚಿಯ ಸಮೇತ ಬಿದ್ದವನ ಬಾಯಿಂದ ಒಂದು ಹಲ್ಲು ಉದುರಿತು. ಅತ್ತಿಗೆಯನ್ನು ಹಿಡಿಯಲು ನಾನೂ ಎದ್ದೆ. ಸುಳ್ಳೇಕೆ, ನಿಧಾನವಾಗಿಯೇ ಎದ್ದೆ.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ರಾಜಿಗೆ ಕೂರಿಸಿದರು. ಮೂಗಿಗೆ ಪಟ್ಟಿ ಕಟ್ಟಿಕೊಂಡಿದ್ದ ಮ್ಯಾನೇಜರು ಗೊಣಗಿದ: "ಗಂಡನದೇ ತಪ್ಪು ಅಂತ ಒಪ್ಪಿ, ಕ್ಷಮೆ ಕೇಳಲಿ. ಕರುಣೆಯಿಂದ ಕೆಲಸ ಕೊಡಿಸುತ್ತೇನೆ. ಕೇಸೂ ಬೇಡ."

ನಾನು ಅತ್ತಿಗೆಯ ಮುಖ ನೋಡಿದೆ. ಒಪ್ಪಿಕೋ ಮಾರಾಯ್ತಿ, ಮಕ್ಕಳಿದ್ದಾವೆ ಎಂದು ನಾಲಿಗೆಯ ತುದಿಗೆ ಬಂದಿತ್ತು.

"ಹೊಡೆದದ್ದಕ್ಕೆ ಕಾಲು ಬೇಕಾದರೂ ಹಿಡಿವೆ," ಎಂದಳು ಅತ್ತಿಗೆ. "ಆದರೆ ಎನ್ನ ಗಂಡಂದು ತಪ್ಪಿಲ್ಲ ಅಂತ ಇವ ಒಂದು ಮಾತು ಹೇಳಲಿ."

ಅವನು ತನ್ನ ದೂರಿನ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಇನ್ಸ್‌ಪೆಕ್ಟರು ಅತ್ತಿಗೆಯತ್ತ ತಿರುಗಿದರು. ಅತ್ತಿಗೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹೇಳಿದಳು, "ಕೇಸು ಬರೆಯಿರಿ ಸಾಮಿ."